ಕಕ್ಷೆಯಮ್ಮ ಮತ್ತು ಹೊಂದದ ಚುಕ್ಕೆ

ವೀಕ್ಷಣಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕಕ್ಷೆಯಮ್ಮ ಎಂದೇ. ಹೊಸ ಧೂಮಕೇತು ಕಂಡರೆ ಅದು ಎಲ್ಲಿಂದ ಬಂತು, ಸೂರ್ಯನನ್ನು ಹೇಗೆ ಬಳಸಿ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕುವುದು ಆಕೆಯ ಕೆಲಸ. ಗಣಿತದ ಪದವಿ ಮುಗಿಸಿ ಮೇಲಿನ ಮಹಡಿಯ ಆ ಉದ್ದನೆಯ ಕೋಣೆಗೆ ಬಂದವರು. ಮದುವೆ, ಬಾಣಂತನ, ಅತ್ತೆಯ ಮಂಡಿನೋವು ಯಾವುದಕ್ಕೂ ಆ ಕುರ್ಚಿ ಬಿಟ್ಟುಕೊಟ್ಟವರಲ್ಲ. ಮಾತು ಖಡಕ್. ತಪ್ಪಿದರೆ ಒಪ್ಪಿಕೊಳ್ಳುವುದೂ ಅಷ್ಟೇ ಖಡಕ್. "ಆದ್ರೆ ನಾನು ತಪ್ಪೋದು ಅಪರೂಪ" ಎಂದು ಸೇರಿಸಲು ಮಾತ್ರ ಮರೆಯುತ್ತಿರಲಿಲ್ಲ.

ಆ ಸಲ ಕಂಡ ಧೂಮಕೇತು ತೀರಾ ಮಸುಕು. ಕೆಲವೇ ವಾರಗಳ ವೀಕ್ಷಣೆ ಕೈಯಲ್ಲಿತ್ತು. ಎಲ್ಲವನ್ನೂ ಸೇರಿಸಿ ಕಂಪ್ಯೂಟರ್ ಹೇಳಿದ್ದು: ತೊಂಬತ್ತು ವರ್ಷಕ್ಕೊಮ್ಮೆ ಬರುವ ಅತಿಥಿ. ನಿರ್ದೇಶಕರು ಹಿರಿಹಿರಿ ಹಿಗ್ಗಿ, ಸೋಮವಾರಕ್ಕೆ ಪತ್ರಕರ್ತರನ್ನು ಕರೆದೇಬಿಟ್ಟರು.

"ಶಾಲೆ ಮಕ್ಕಳಿಗೆ ಹೇಳಬಹುದಮ್ಮ, ನಿಮ್ಮ ಮೊಮ್ಮಕ್ಕಳೂ ಇದನ್ನೇ ನೋಡ್ತಾರೆ ಅಂತ!"

"ಸ್ವಲ್ಪ ತಡೀರಿ ಸಾರ್. ಒಂದು ಚುಕ್ಕೆ ಹೊಂದ್ತಾ ಇಲ್ಲ."

ಒಂದೊಂದು ವೀಕ್ಷಣೆಯೂ ಒಂದೊಂದು ಚುಕ್ಕೆ. ಕಕ್ಷೆ ಅವೆಲ್ಲದರ ಮೇಲೂ ಹಾದುಹೋಗಬೇಕು. ಬೆಟ್ಟದ ಮೇಲಿನ ದೂರದರ್ಶಕದಿಂದ ಬಂದ ಒಂದು ಚುಕ್ಕೆ ಮಾತ್ರ ಇಡೀ ದಾರಿಯನ್ನೇ ತನ್ನ ಕಡೆಗೆ ಎಳೆಯುತ್ತಿತ್ತು.

"ಅದನ್ನ ತೆಗೆದ್ರೆ?"

"ನಿಮ್ಮ ತೊಂಬತ್ತು ಹೋಗಿ ಸಾವಿರಗಟ್ಟಲೆ ಆಗುತ್ತೆ."

ನಿರ್ದೇಶಕರ ಮುಖ ಚಿಕ್ಕದಾಯಿತು. "ಹಾಗಾದ್ರೆ ಇರ್ಲಿ ಬಿಡಿ."

"ನಿಮಗೆ ಬೇಕು ಅಂತ ಇಟ್ಕೊಳ್ಳೋದೂ ಬೇಡ, ನನಗೆ ಬೇಡ ಅಂತ ತೆಗೆಯೋದೂ ಬೇಡ. ಯಾಕೆ ಹೊಂದ್ತಿಲ್ಲ ಅನ್ನೋದು ಮೊದಲು ಗೊತ್ತಾಗ್ಲಿ."

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ, ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಎದುರು ಕೂತು, ಆಕೆ ಆ ಚುಕ್ಕೆ ಬಿಟ್ಟು ಉಳಿದವುಗಳಿಂದ ಧೂಮಕೇತುವಿನ ದಾರಿಯನ್ನು ದೊಡ್ಡದಾಗಿ ಬರೆದು ನೋಡಿದರು. ಚುಕ್ಕೆ ದಾರಿಯಿಂದ ಪಕ್ಕಕ್ಕೆ ಸರಿದಿರಲಿಲ್ಲ. ದಾರಿಯ ಮೇಲೆಯೇ, ಆ ಹೊತ್ತಿಗೆ ಇರಬೇಕಾದ ಜಾಗಕ್ಕಿಂತ ಕೊಂಚ ಮುಂದಿತ್ತು! ಜಾಗ ಅಳೆದದ್ದು ತಪ್ಪಿದ್ದರೆ ಅದು ಹೇಗೆ ಬೇಕಾದರೂ ಸರಿಯಬಹುದಿತ್ತು. ಹೀಗೆ ನೇರವಾಗಿ ಮುಂದೆ ಹೋಗಿದೆ ಎಂದರೆ ತಪ್ಪಿದ್ದು ಗಡಿಯಾರ.

ತಕ್ಷಣ ಬೆಟ್ಟಕ್ಕೆ ಫೋನ್ ಮಾಡಿದರು.

"ನಮ್ಮ ಗಡಿಯಾರಾನಾ? ಸಾಧ್ಯಾನೇ ಇಲ್ಲಮ್ಮ" ಎಂದ ಅಲ್ಲಿನ ವೀಕ್ಷಕ.

"ಜಗಳ ಬೇಡಪ್ಪ. ಅದೇ ಚಿತ್ರದಲ್ಲಿ ನಮಗೆ ದಾರಿ ಗೊತ್ತಿರೋ ಕ್ಷುದ್ರಗ್ರಹ ಯಾವುದಾದ್ರೂ ಇದ್ಯಾ ನೋಡು. ಅದೂ ಮುಂದೆ ಹೋಗಿದ್ರೆ ನೀನೇ ಹೇಳು."

ಒಂದು ಸಿಕ್ಕಿತು. ಅದೂ ಮುಂದಿತ್ತು. ಕರೆಂಟ್ ಹೋಗಿ ಬಂದಮೇಲೆ ಗಡಿಯಾರ ಒಂದೆರಡು ನಿಮಿಷ ಹಿಂದೆ ಬಿದ್ದಿದ್ದನ್ನು ಯಾರೂ ಗಮನಿಸಿರಲಿಲ್ಲ. ಸಮಯ ತಿದ್ದಿದ್ದೇ ತಡ, ಚುಕ್ಕೆ ತಣ್ಣಗೆ ತನ್ನ ಜಾಗದಲ್ಲಿ ಕೂತಿತು. ಕಕ್ಷೆ ಉದ್ದಕ್ಕೆ, ಗ್ರಹಗಳನ್ನೆಲ್ಲ ದಾಟಿ, ದೂರದ ಕತ್ತಲೆಗೆ ಚಾಚಿಕೊಂಡಿತು.

"ಮತ್ತೆ ಯಾವಾಗ ಬರುತ್ತಂತೆ?" ಅತ್ತೆ ಕೇಳಿದರು.

"ಎಂಬತ್ತು ಸಾವಿರ ವರ್ಷ ಆಗಬಹುದು ಅತ್ತೆ."

"ಅಷ್ಟಕ್ಕೆ ಊಟ ಬಿಟ್ಟು ಕೂತಿದ್ದೀಯಲ್ಲೇ! ಉಂಡು ಹೇಳಿದ್ರೆ ತಪ್ಪಿಸ್ಕೊಂಡು ಹೋಗ್ತಿತ್ತಾ?"

ಸೋಮವಾರ ಬೆಳಿಗ್ಗೆ ನಿರ್ದೇಶಕರು ಲೆಕ್ಕವನ್ನು ಒಂದೊಂದೇ ಹೆಜ್ಜೆಯಾಗಿ ತಾವೇ ಮಾಡಿ ನೋಡಿದರು. "ಎಷ್ಟು ಖಾತ್ರಿ?"

"ಸಾವಿರಗಳಲ್ಲಿ ಹೆಚ್ಚುಕಡಿಮೆ ಆಗಬಹುದು. ತೊಂಬತ್ತಂತೂ ಅಲ್ಲ. ಇನ್ನೇನು ಸೂರ್ಯನ ಹಿಂದೆ ಮರೆಯಾಗುತ್ತೆ. ಅಲ್ಲಿಂದ ಹೊರಗೆ ಬರುವಾಗ ಎಲ್ಲಿ ಕಾಣುತ್ತೆ ಅಂತ ಇವತ್ತೇ ಹೇಳ್ತೀನಿ. ಬೇಕಾದ್ರೆ ಪೇಪರಲ್ಲಿ ಹಾಕ್ಸಿ."

ಹಾಕಿಸಿಯೇ ಬಿಟ್ಟರು. ಪತ್ರಕರ್ತೆಯೊಬ್ಬಳು, "ಅಯ್ಯೋ, ಹಾಗಾದ್ರೆ ನಮ್ಮ ಮಕ್ಕಳು ಮೊಮ್ಮಕ್ಕಳು ನೋಡೋದೇ ಇಲ್ವಾ?" ಎಂದಾಗ ಕಕ್ಷೆಯಮ್ಮ ನಕ್ಕರು. "ಸೂರ್ಯನ ಹಿಂದಿನಿಂದ ಬಂದ ಮೇಲೆ, ಈ ಸಲವೇ ಬೆಳಗಿನ ಜಾವ ಎಬ್ಬಿಸಿ ತೋರಿಸಿ."

ಎರಡು ತಿಂಗಳ ನಂತರ, ಬೆಳಕು ಹರಿಯುವ ಮುನ್ನ, ಮನೆಯವರೆಲ್ಲ ತಾರಸಿ ಹತ್ತಿದರು. ಧೂಮಕೇತು ಆಕೆ ಹೇಳಿದ ಜಾಗದಲ್ಲೇ ಇತ್ತು, ಈಗ ಚಿಕ್ಕ ಬಾಲದ ಸಮೇತ. ಇಷ್ಟು ವರ್ಷ ಅಂಕಿಗಳಲ್ಲೇ ಧೂಮಕೇತುಗಳನ್ನು ಕಂಡಿದ್ದ ಕಕ್ಷೆಯಮ್ಮ ಬೈನಾಕ್ಯುಲರ್ ಕಣ್ಣಿಗೆ ಹಿಡಿದವರು ಕೆಳಗಿಳಿಸಲೇ ಇಲ್ಲ. "ನನಗೂ ಒಂಚೂರು ಕೊಡೇ" ಎಂದು ಗಂಡ ಎರಡು ಸಲ ಕೇಳಿದರು. ಪೂರ್ವದಲ್ಲಿ ಬೆಳಕು ಹರಡಿ ಬಾಲ ಕರಗುವವರೆಗೂ ಆಕೆಗೆ ಅದು ಕೇಳಿಸಲಿಲ್ಲ.