ಸವಳಂಗದಲ್ಲಿ ನಾನು ನೋಡದ ಕಾರು

ಪರಶುರಾಮ, ಆ ದಿನ ಸವಳಂಗದಲ್ಲಿ ನಿನ್ನ ಕಾರನ್ನು ನಾನು ನೋಡಲಿಲ್ಲ. ನೋಡಿದೆ ಎಂದು ಹೇಳಿದ್ದು ಸುಳ್ಳು.

ನಾನು ಕ್ಷೌರದಂಗಡಿಯ ಕುರ್ಚಿಯಲ್ಲಿದ್ದೆ. ಮುಖದ ತುಂಬ ನೊರೆ, ಕಣ್ಣು ಮುಚ್ಚಿತ್ತು. ಹೊರಗೆ ಕಾರೊಂದು ಹಾದುಹೋದ ಸದ್ದು — ಜಪಾನಿನಿಂದ ಬಂದ ನಿನ್ನ ಹಳೆಯ ಬಿಳಿ ಕಾರಿಗೆ ನೀನು ಹಾಕಿಸಿದ್ದ ಸೈಲೆನ್ಸರಿನ ಸದ್ದು. ಬೆನ್ನಿಗೇ ಹೆಂಗಸೊಬ್ಬಳ ಕೂಗು. ಸ್ಕೂಟಿಗೆ ಗುದ್ದಿದ ಕಾರು ನಿಲ್ಲದೆ ಹೋಗಿತ್ತು. ಅವಳ ಕಾಲು ಮುರಿದಿತ್ತು.

"ಯಾವ್ದ್ರೀ ಗಾಡಿ? ಯಾರಾನ ನೋಡಿದ್ರಾ?" ಹೊರಗೆ ಸೇರಿದವರು ಅಂಗಡಿಯೊಳಕ್ಕೆ ಇಣುಕಿ ಕೇಳಿದರು.

"ಹೊನ್ನಾಳಿ ಪರಶುರಾಮಂದು," ಎಂದೆ, ನೊರೆ ಒರೆಸಿಕೊಳ್ಳುತ್ತ. "ನಾನು ನೋಡೀನಿ."

ಯಾಕೆ ಹಾಗೆಂದೆ? ಚನ್ನಗಿರಿಯ ನಾನು, ಹೊನ್ನಾಳಿಯ ನೀನು, ಜಗಳೂರಿನ ತಿಪ್ಪೇಶ — ಹಳೆಯ ಕಾರುಗಳ ಹುಚ್ಚಿನ ಗೆಳೆಯರು ಮೂವರು. ದಾರಿಯಲ್ಲಿ ಒಬ್ಬರ ಕಾರು ಇನ್ನೊಬ್ಬರಿಗೆ ಕಂಡರೆ ಎರಡು ಸಲ ಲೈಟು ಮಿನುಗಿಸಿ, ವಾಟ್ಸಾಪ್ ಗ್ರೂಪಿನಲ್ಲಿ 'ಸಿಕ್ಕ' ಎಂದು ಹಾಕುವುದು ನಮ್ಮ ಆಟ. ನಾನು ಮಾತ್ರ ಬೆನ್ನು ತಿರುಗಿಸಿ ಕೂತು, ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದೆ. ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಸದ್ದು ಕೇಳಿದೆ ಎಂದರೆ ಅಲ್ಲಿದ್ದವರು ನಗುತ್ತಿದ್ದರು. ಅದಕ್ಕೇ 'ನೋಡಿದೆ' ಎಂದೆ.

ಪೊಲೀಸರ ಮುಂದೆಯೂ ಅದನ್ನೇ ಹೇಳಿ ಸಹಿ ಹಾಕಿದೆ. ಠಾಣೆಯ ಹೊರಗೆ ನೀನು ನನ್ನ ತೋಳು ಹಿಡಿದೆ.

"ಅವತ್ತು ನಾನು ಗಾಡಿ ತೆಗ್ದೇ ಇಲ್ಲ ಕಣೋ. ಕಣ್ಣಾರೆ ನೋಡಿದ್ಯಾ?"

"ನೋಡೀನಿ."

ಮತ್ತೆ ನೀನು ಕೇಳಲಿಲ್ಲ. ಕೇಸು ನಿನ್ನ ಮೇಲೇ ಬಿತ್ತು. ನೀನು ಕಾರು ಮಾರಿದೆ, ಗ್ರೂಪು ಬಿಟ್ಟೆ. ನಮ್ಮ ಆಟವೂ ಅಲ್ಲಿಗೇ ನಿಂತಿತು.

ಮೂರು ವರ್ಷದ ಮೇಲೆ, ಕಳೆದ ತಿಂಗಳು, ಸೊಕ್ಕೆಯ ದಾರಿಯಲ್ಲಿ ಅದೇ ಸದ್ದು. ಈ ಸಲ ತಿರುಗಿ ನೋಡಿದೆ. ಬೂದು ಬಣ್ಣದ ಕಾರು, ಒಳಗೆ ತಿಪ್ಪೇಶ.

"ಪರಶುರಾಮನ ಹಳೇ ಸೈಲೆನ್ಸರ್ ಕಣೋ, ಅವನೇ ಮಾರಿದ್ದು. ಹೆಂಗೈತೆ?"

"ಯಾವಾಗ ಹಾಕ್ಸಿದ್ದು?"

"ಮೂರು ವರ್ಷದ ಹಿಂದಿನ ಉಗಾದಿಗೆ—" ಎಂದವನು ಅಲ್ಲಿಗೇ ನಿಲ್ಲಿಸಿದ. ಆ ಹೆಂಗಸಿಗೆ ಪೆಟ್ಟಾದದ್ದು ಅದೇ ಉಗಾದಿಯಾದ ವಾರಕ್ಕೆ. "ಮುಗ್ದ ಕೇಸು ಯಾಕೆ ಕೆದಕ್ತೀಯ ಮಾರಾಯ? ಅವನೂ ಮರ್ತಿರ್ತಾನೆ."

ಮರೆಯುವುದು ನಿನಗೆ ಬಿಟ್ಟದ್ದು. ಕೇಸು ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಅಂದು ನಾನು ಸದ್ದು ಕೇಳಿದೆ ಎಂದಿದ್ದರೆ, 'ಆ ಸೈಲೆನ್ಸರ್ ಈಗ ನನ್ನ ಕಾರಿನಲ್ಲಿಲ್ಲ' ಎಂದು ನೀನು ಅಲ್ಲೇ ಹೇಳುತ್ತಿದ್ದೆ. ಕಣ್ಣಾರೆ ನೋಡಿದೆ ಎಂದವನಿಗೆ ಸೈಲೆನ್ಸರಿನ ಮಾತು ಹೇಳಬೇಕೆಂದು ನಿನಗೆ ಹೊಳೆಯುವುದಾದರೂ ಹೇಗೆ? ನಿನ್ನ ಬಾಯಿ ಮುಚ್ಚಿಸಿದ್ದು ನನ್ನ ಆ ಒಂದು ಮಾತು.

ಇಂಥ ಕಾರುಗಳ ಹುಚ್ಚಿನಿಂದಲೇ ಇದೆಲ್ಲ ಆಯಿತು ಎಂದು ಮನೆಯಲ್ಲಿ ಅನ್ನುತ್ತಾರೆ. ಇಲ್ಲ. ಹುಚ್ಚು ಇವತ್ತಿಗೂ ಇದೆ, ಅದಕ್ಕಾಗಿ ತಲೆ ತಗ್ಗಿಸುವುದಿಲ್ಲ. ತಪ್ಪು ಕಾರಿನದಲ್ಲ, ನನ್ನದು.

ಸೋಮವಾರ ಅದೇ ಠಾಣೆಗೆ ಹೋಗುತ್ತೇನೆ. ಸುಳ್ಳು ಹೇಳಿಕೆಗೆ ನನ್ನ ಮೇಲೆ ಏನು ಬಂದರೂ ಬರಲಿ. ಕಣ್ಣು ಮುಚ್ಚಿತ್ತು, ಸದ್ದು ಮಾತ್ರ ಕೇಳಿದೆ ಎಂದು ಬರೆಸುತ್ತೇನೆ. ಆ ಸೈಲೆನ್ಸರ್ ಆಗ ಯಾರ ಕಾರಿನಲ್ಲಿತ್ತು ಎಂದು ಕೇಳಿದರೆ ತಿಪ್ಪೇಶ ಹೇಳಿದ್ದನ್ನು ಹೇಳುತ್ತೇನೆ. ಗುದ್ದಿದವನು ಅವನೇ ಎಂದು ಮಾತ್ರ ಹೇಳುವುದಿಲ್ಲ —

ಅದನ್ನೂ ನಾನು ನೋಡಿಲ್ಲ.