ಖಾದರ್ ಸಾಬರ ಮೂರು ತೂತು

ಬರಿದಾದ ಡ್ರಮ್ ಕಣ್ಣಿಗೆ ಬಿದ್ದರೆ ಖಾದರ್ ಸಾಬರ ಕೈ ಸುಮ್ಮನಿರುತ್ತಿರಲಿಲ್ಲ. ಸೊಂಟದ ಬೆಲ್ಟಿನಿಂದ ಉಳಿ, ಸುತ್ತಿಗೆ ಹೊರಬರುತ್ತಿದ್ದವು. ಡ್ರಮ್ಮನ್ನು ಬೋರಲು ಹಾಕಿ ತಳಕ್ಕೆ ಮೂರು ಏಟು, ಮೂರು ತೂತು. ಒಂದಾದರೆ ಬಟ್ಟೆ ತುರುಕುತ್ತಾರೆ, ಎರಡಾದರೆ ಮೇಣ ಮೆತ್ತುತ್ತಾರೆ, ಮೂರಾದರೆ ಆಸೆ ಬಿಡುತ್ತಾರೆ ಎಂಬುದು ಅವರ ಸಿದ್ಧಾಂತ.

ತೊಂಬತ್ತರ ದಶಕದ ಕೊನೆ. ಕೆ.ಆರ್. ಪುರದ ಹಿಂದೆ ನಲ್ಲಿ, ಬಾಗಿಲ ಹಿಡಿಕೆಗಳಿಗೆ ಕ್ರೋಮಿಯಂ ಹೊಳಪು ಕೊಡುವ ಕಾರ್ಖಾನೆ ನಮ್ಮದು. ನಾನು ಅಲ್ಲಿ ಕೆಮಿಸ್ಟ್, ಸಾಬರು ತ್ಯಾಜ್ಯದ ಶೆಡ್ಡಿನ ಉಸ್ತುವಾರಿ. ತೊಟ್ಟಿಗಳಿಂದ ತೆಗೆದ ಹಸಿರು ಕೆಸರನ್ನೂ ಕೆಮಿಕಲ್ ಬಂದ ನೀಲಿ ಡ್ರಮ್ಮುಗಳನ್ನೂ ತ್ಯಾಜ್ಯ ಒಯ್ಯುವ ಲಾರಿ ಬರುವವರೆಗೆ ಕಾಯುವುದು ಅವರ ಕೆಲಸ. ಕೆಸರನ್ನು ಯಾರೂ ಕೇಳುತ್ತಿರಲಿಲ್ಲ. ಡ್ರಮ್ಮಿಗೆ ಮಾತ್ರ ದಿನಾ ಶಿಫಾರಸು. ನೀರು ಎರಡು ದಿನಕ್ಕೊಮ್ಮೆ ಬರುವ ಊರಿನಲ್ಲಿ ಗಟ್ಟಿ ಮುಚ್ಚಳದ ಡ್ರಮ್ ಎಂದರೆ ಸಣ್ಣ ಆಸ್ತಿ.

ಒಮ್ಮೆ ಮಾಲೀಕರೇ ಶೆಡ್ಡಿಗೆ ಬಂದು, ತಮ್ಮ ತೋಟದ ಮನೆಗೆ ಎರಡು ಡ್ರಮ್ ಬೇಕು ಎಂದು ಶುರುಮಾಡಿದರು. ಅವರ ಮಾತು ಮುಗಿಯುವಷ್ಟರಲ್ಲಿ ಎರಡಕ್ಕೂ ತೂತು ಬಿದ್ದಿತ್ತು.

“ನೀವು ಹೇಳಿದ್ದು ಕೇಳಿಸ್ತು ಸಾರ್, ಆದ್ರೆ ಕೈ ಆಗ್ಲೇ ಇಳಿದ್ಬಿಟ್ಟಿತ್ತು,” ಅಂದರು ಸಾಬರು, ಬಹಳ ವಿನಯದಿಂದ. ಮಾಲೀಕರು ಕಾರು ಹತ್ತಿ ಹೊರಟರು. ಅಂದು ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.

ಆಮೇಲೆ ನನ್ನ ಸರದಿ ಬಂತು. ಮರ್ಫಿ ಟೌನಿನ ನಮ್ಮ ಬಾಡಿಗೆ ಮನೆಯಲ್ಲಿ ಆರು ತಿಂಗಳ ಮಗಳು, ಅವಳ ಬಟ್ಟೆ ಒಗೆಯಲು ನೀರು ಸಾಲದು. ಇಡೀ ದಿನ ನಲ್ಲಿಗಳಿಗೆ ಹೊಳಪು ಹಾಕಿಸಿ ಮನೆಗೆ ಬಂದರೆ ನಮ್ಮ ನಲ್ಲಿ ಒಣಗಿರುತ್ತಿತ್ತು. ಶುಕ್ರವಾರ ಸಾಬರು ನಮಾಜಿಗೆ ಹೋದ ಒಂದು ಗಂಟೆಯಲ್ಲಿ ಮಾತ್ರ ಶೆಡ್ಡಿನಲ್ಲಿ ತೂತಿಲ್ಲದ ಡ್ರಮ್ ಸಿಗುತ್ತಿತ್ತು. ಒಂದನ್ನು ಸಾಗಿಸಿದೆ. ‘ಅಪಾಯಕಾರಿ ತ್ಯಾಜ್ಯ, ಮುಟ್ಟಬೇಡಿ’ ಎಂದು ಶೆಡ್ಡಿನ ಗೋಡೆಗೆ ಬೋರ್ಡು ಬರೆಸಿ ಹಾಕಿಸಿದವನು ನಾನೇ. ಆದರೆ ಓದಿದವನಿಗೆ ನೆಪಗಳೂ ಬೇಗ ಹೊಳೆಯುತ್ತವೆ. ಸೋಪಿನಲ್ಲಿ ಒಮ್ಮೆ, ಸೋಡಾದಲ್ಲಿ ಒಮ್ಮೆ, ಹುಣಸೆಹಣ್ಣಿನಲ್ಲಿ ಒಮ್ಮೆ ತಿಕ್ಕಿ ತೊಳೆದು, ಇನ್ನೇನು ಭಯ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಸಾಬರು ಶಿವಾಜಿನಗರದ ಬೇಕರಿಯ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗುವನ್ನು ಮುದ್ದಾಡಿದರು, ನನ್ನ ಹೆಂಡತಿ ಕೊಟ್ಟ ಟೀಯನ್ನು ಹೊಗಳಿದರು, ಕೈ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದರು. ಟಕ್, ಟಕ್, ಟಕ್. ತುಂಬಿದ ಡ್ರಮ್ಮನ್ನು ಬೋರಲು ಹಾಕಲಾಗದೆ ಪಕ್ಕಕ್ಕೇ ಹೊಡೆದಿದ್ದರು. ಹಿಂದಿನ ದಿನ ಹಿಡಿದಿಟ್ಟ ನೀರೆಲ್ಲ ಅಡುಗೆಮನೆ ದಾಟಿ, ಮೆಟ್ಟಿಲಿಳಿದು, ಮನೆಯೊಡತಿ ಒಣಗಲು ಹಾಕಿದ್ದ ಸಂಡಿಗೆಯನ್ನು ತೇಲಿಸಿಕೊಂಡು ಹೋಯಿತು. ಹೆಂಡತಿ ಮಗುವನ್ನೆತ್ತಿಕೊಂಡು ಮಂಚ ಹತ್ತಿದಳು. ಮನೆಯೊಡತಿ ತಮಿಳಿನಲ್ಲಿ ನಮ್ಮ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಾ ಮೇಲೆ ಬಂದರು.

ಸಿಟ್ಟಿನಿಂದ ಬಚ್ಚಲಿಗೆ ನುಗ್ಗಿದೆ. ಮೂರು ಸಲ ತೊಳೆದಿದ್ದೆ ಎಂದು ಕೂಗಿದೆ.

“ನಾನು ಐದು ಸಲ ತೊಳ್ದಿದ್ದೆ, ಬೇಟಾ,” ಅಂದರು ಸಾಬರು. ಕಾರ್ಖಾನೆಯಲ್ಲಿ ಸಾರ್ ಅನ್ನುತ್ತಿದ್ದವರು ಹಾಗೆ ಕರೆದದ್ದು ಅದೇ ಮೊದಲು. “ನನ್ ಚಿಕ್ಕ ಮಗಳಿಗೆ ಆ ನೀರಲ್ಲೇ ಸ್ನಾನ. ಒಂದು ವರ್ಷ ಮೈಯೆಲ್ಲ ಹುಣ್ಣು. ಕೆರ್ಕೋಬಾರ್ದು ಅಂತ ಅವಳ ಕೈ ಹಿಡ್ಕೊಂಡು ಕೂತಿರ್ತಿದ್ದೆ.”

ನನ್ನ ಮಗಳು ಅವರು ತಂದ ಬಿಸ್ಕತ್ತನ್ನು ಚೀಪುತ್ತಿದ್ದಳು. ನನಗೆ ಅಷ್ಟು ನಾಚಿಕೆ ಬೇರೆ ಯಾವತ್ತೂ ಆಗಿಲ್ಲ. ಕೆಳಗೆ ಆಟೋ ಕಾಯುತ್ತಿತ್ತು, ಅದರೊಳಗೆ ಹೊಚ್ಚಹೊಸ ಡ್ರಮ್. ಶೆಡ್ಡಿನಲ್ಲಿ ಒಂದು ಕಮ್ಮಿಯಾದದ್ದು ಕಂಡು, ಒಯ್ದವನು ಯಾರೆಂದು ಗೇಟಿನಲ್ಲಿ ಕೇಳಿ ತಿಳಿದು, ಅದನ್ನು ಕೊಂಡುಕೊಂಡೇ ಬಂದಿದ್ದರು ಪುಣ್ಯಾತ್ಮ. ಮನೆಯೊಡತಿಗೆ ತಮಿಳಿನಲ್ಲೇ ಸಮಾಧಾನ ಹೇಳಿ, ಉಳಿದ ಬಿಸ್ಕತ್ತು ಕೊಟ್ಟು ಹೊರಟರು.

ಕೆಲವು ವರ್ಷಗಳ ಮೇಲೆ ನಿವೃತ್ತರಾದ ದಿನ ಉಳಿಯನ್ನು ನನ್ನ ಮೇಜಿನ ಮೇಲಿಟ್ಟು, “ಶುಕ್ರವಾರ ಸ್ವಲ್ಪ ಹುಷಾರಾಗಿ ನೋಡ್ಕೊಳಿ ಸಾರ್,” ಎಂದು ನಕ್ಕರು. ಮತ್ತೆ ನಾವು ಭೇಟಿಯಾಗಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ನಂತರ. ಉಳಿಯನ್ನು ಮನೆಯವರಿಗೆ ಕೊಡೋಣವೆಂದು ಶಿವಾಜಿನಗರಕ್ಕೆ ಹೋದೆ. ಚಿಕ್ಕ ಮಗಳು ಟೀ ತಂದಳು. ಅವಳ ಕೈಮೇಲೆ ಇನ್ನೂ ಬಿಳಿಯ ಕಲೆಗಳಿದ್ದವು. ಉಳಿ ನಿಮ್ಮ ಹತ್ತಿರವೇ ಇರಲಿ, ಅಬ್ಬಾ ಕೊಟ್ಟಿದ್ದು ನಿಮಗೆ ಎಂದಳು.

ವಾಪಸು ಬರುವ ದಾರಿಯಲ್ಲಿ ಒಂದು ಗುಜರಿ ಅಂಗಡಿಯ ಮುಂದೆ ನೀಲಿ ಡ್ರಮ್ಮುಗಳ ಸಾಲು. ಅಭ್ಯಾಸಬಲದಿಂದ ಒಂದನ್ನು ಬೋರಲು ಹಾಕಿ ನೋಡಿದೆ. ತಳದಲ್ಲಿ ಮೂರು ತೂತು, ಮೂರಕ್ಕೂ ನೀಟಾಗಿ ಕಪ್ಪು ಅಂಟು ಮೆತ್ತಿತ್ತು. ಲಾರಿ ಹತ್ತಿ ಹೋದದ್ದು ಇಲ್ಲಿಗೆ ಹೇಗೆ ಬಂತೋ. ಮೂರಾದರೂ ಜನ ಆಸೆ ಬಿಡುವುದಿಲ್ಲ ಎಂಬುದನ್ನು ನೋಡಲು ಸಾಬರು ಇರಲಿಲ್ಲ.

“ಒಂದು ಹನಿ ಲೀಕ್ ಆಗಲ್ಲ ಸಾರ್, ಬೇಕಾದ್ರೆ ನೀರು ತುಂಬಿ ತೋರಿಸ್ತೀನಿ,” ಅಂದ ಅಂಗಡಿಯವನು.

ಚೌಕಾಸಿ ಮಾಡದೆ ಅದನ್ನು ಕೊಂಡೆ. ಆಮೇಲೆ ಚೀಲದಿಂದ ಉಳಿ ತೆಗೆದು, ಅವನ ಹತ್ತಿರವೇ ಒಂದು ಸುತ್ತಿಗೆ ಕೇಳಿದೆ.