ಕುರಿಗಳು ತಿಳಿದಿದ್ದ ದಾರಿ

ಹಾವೊಡ್ ಹೊಲಮನೆಯನ್ನು ಬಿಟ್ಟು ಕೆಳಗಿನ ಊರಿಗೆ ಬಂದ ಮೇಲೂ ಇದ್ವಲ್ ಪ್ರಿಚರ್ಡನನ್ನು ಜನ ಕರೆಯುವುದು ಹಾವೊಡ್ ಇದ್ವಲ್ ಎಂದೇ. ಆ ಕಣಿವೆಯಲ್ಲಿ ಹೊಲಮನೆಯ ಹೆಸರು ಒಮ್ಮೆ ಅಂಟಿತೆಂದರೆ ಗೋರಿಕಲ್ಲಿನವರೆಗೂ ಬಿಡುವುದಿಲ್ಲ. ಮನೆ, ಹುಲ್ಲುಗಾವಲು ಎಲ್ಲ ಗೇಣಿಯದು. ಮಂಡಿ ಸೋತು ಗೇಣಿ ಬಿಟ್ಟುಕೊಟ್ಟಾಗ, ಅಲ್ಲಿಯ ರೂಢಿಯಂತೆ ಕುರಿಗಳನ್ನೂ ಬೆಟ್ಟದ ಜೊತೆಗೇ ಬಿಟ್ಟುಬಂದ. ಹಿಂಡು ಮೇಯುವ ಕೆವ್ನ್ ಡೀ ಬೆಟ್ಟದ ನೆತ್ತಿಯ ಮೇಲೆ ಬೇಲಿಯಿಲ್ಲ. ಎಲ್ಲಿಯವರೆಗೆ ಮೇಯಬೇಕು, ಎಲ್ಲಿ ಹಿಂತಿರುಗಬೇಕು ಎಂಬುದನ್ನು ತಾಯಿಕುರಿ ಮರಿಗೆ ಕಲಿಸುತ್ತದೆ, ಆ ಮರಿ ತನ್ನ ಮರಿಗೆ. ಅಂಥ ಹಿಂಡನ್ನು ಇನ್ನೊಂದು ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ಪ್ರಯೋಜನವಿಲ್ಲ. ಗೇಣಿಗೆ ಬಂದವನು ಅದನ್ನೇ ಕೊಂಡು ಸಾಕಬೇಕು.

ಇದ್ವಲನಿಗೆ ಉಳಿದದ್ದು ಗುರುವಾರದ ನಡಿಗೆ. ಊರಿನ ಚಾಪೆಲ್ಲಿಗೆ ಪ್ರಾರ್ಥನೆಗೆ ಬರುವ ಏಳೆಂಟು ವಯಸ್ಸಾದವರನ್ನು ನಿಧಾನವಾಗಿ ನೆತ್ತಿಗೆ ಹತ್ತಿಸಿ, ಬೆಟ್ಟದ ಬೆನ್ನಿನ ಉದ್ದಕ್ಕೂ ಸ್ವಲ್ಪ ದೂರ ನಡೆಸಿ, ಕಲ್ಲುಗೋಡೆಯ ಕಿಂಡಿಯಲ್ಲಿ ನುಗ್ಗಿಸಿ, ಊಟದ ಹೊತ್ತಿಗೆ ಇಳಿಸಿಬಿಡುತ್ತಿದ್ದ. ಗೇಣಿ ಕಳೆದುಕೊಂಡವನು ಒಬ್ಬನೇ ಬೆಟ್ಟದ ಮೇಲೆ ಅಲೆದಾಡಿದರೆ ಊರು ಅಯ್ಯೋ ಪಾಪ ಅನ್ನುತ್ತದೆ. ನಾಲ್ಕು ಜನರನ್ನು ಹಿಂದಿಟ್ಟುಕೊಂಡು ಹೋದರೆ ಅದೇ ಅಲೆದಾಟ ಒಂದು ಕೆಲಸವೆನಿಸುತ್ತದೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದರೆ ಅವನ ಜೊತೆ ಶಾಲೆ ಕಲಿತ, ಅಂಚೆ ಕಚೇರಿಯಲ್ಲಿದ್ದು ನಿವೃತ್ತಳಾದ ಮೆರೆರಿದಳಿಗೆ ಅದು ಗೊತ್ತಿತ್ತು. ಎಷ್ಟೇ ಚಳಿಯಿದ್ದರೂ ಅವಳು ಒಂದು ಗುರುವಾರವನ್ನೂ ತಪ್ಪಿಸುತ್ತಿರಲಿಲ್ಲ.

ಹೊಸ ಗೇಣಿದಾರ ಹಳೆಯ ಹಿಂಡನ್ನು ಸಂತೆಗೆ ಹೊಡೆದು, ಬಯಲುಸೀಮೆಯ ದಪ್ಪ ಕುರಿಗಳನ್ನು ತಂದು ಬಿಟ್ಟಿದ್ದಾನೆಂಬ ಸುದ್ದಿಯನ್ನು ತಂದವಳೂ ಅವಳೇ. ಇದ್ವಲ್ ಆಗ ಕೆಟಲಿಗೆ ನೀರು ತುಂಬುತ್ತಿದ್ದ. ಹೌದಾ ಎಂದಷ್ಟೇ ಕೇಳಿ, ಸಕ್ಕರೆ ಎಷ್ಟು ಎಂದು ಮಾತು ತಿರುಗಿಸಿದ.

ಆ ಶರತ್ಕಾಲದ ಒಂದು ಗುರುವಾರ, ನೆತ್ತಿಯ ಮೇಲೆ ಕುಳಿತು ಎಲ್ಲರೂ ಫ್ಲಾಸ್ಕಿನ ಚಹಾ ಕುಡಿದು ಏಳುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ಕವಿಯಿತು. ಮುಂದಿದ್ದವರ ಬೆನ್ನು ಕಾಣದಾಯಿತು. ಚಾಪೆಲ್ಲಿನ ಹಿರಿಯ ಎಮ್ರಿಸ್ ಫೋನಿನಲ್ಲಿ ನಕಾಶೆ ತೆರೆದರೆ, ಇದ್ವಲ್ ಅದನ್ನು ಒಳಗಿಡಿ ಎಂದ. ಮಂಜಿನಲ್ಲಿ ಕಣ್ಣನ್ನು ನಂಬಬೇಡ, ಕುರಿಯ ಹೆಜ್ಜೆಯನ್ನು ನಂಬು ಎಂದು ಅವನಪ್ಪ ಹೇಳಿಕೊಟ್ಟಿದ್ದ. ಕುರಿದಾರಿ ಜೌಗುನೆಲವನ್ನು ಸುತ್ತುಹಾಕಿ, ಎಲ್ಲೂ ಇಳಿಯದೆ ಕಲ್ಲುಗೋಡೆಯ ಕಿಂಡಿಗೆ ಹೋಗುತ್ತದೆ. ಜರೀಗಿಡಗಳ ನಡುವೆ ಒಂದು ದಾರಿ ಸಿಕ್ಕಿತು. ಚೆನ್ನಾಗಿ ಸವೆದಿತ್ತು, ಹಿಕ್ಕೆಯೂ ಹಸಿಯಾಗಿತ್ತು. ಇದ್ವಲ್ ಅದನ್ನು ಹಿಡಿದ.

ಸ್ವಲ್ಪ ದೂರದಲ್ಲಿ ಮೆರೆರಿದ್ ಕೇಳಿದಳು: "ಇದ್ವಲ್, ಗೋಡೆ ಕಡೆ ಹೋಗೋದಾದ್ರೆ ನನ್ನ ಕಾಲ್ಬೆರಳೆಲ್ಲ ಯಾಕೆ ಬೂಟಿನ ತುದಿಗೆ ಬಂದು ಕೂತಿದಾವೆ?"

"ಕುರಿಗೆ ನಿನಗಿಂತ ಬುದ್ಧಿ ಇದೆ. ಸುಮ್ನೆ ಬಾ."

"ಹಳೇವಕ್ಕೆ ಇತ್ತು ಮಾರಾಯ. ಇವನ್ನ ನೋಡಿದೀಯಾ? ಗೇಟ್ ತೆಗೆದಿದ್ರೂ ಬೇಲೀಗೆ ತಲೆ ಗುದ್ದುತಾವೆ."

ಹಿಂದಿದ್ದವರು ನಕ್ಕರು. ಇದ್ವಲ್ ನಗಲಿಲ್ಲ. ಕಾಲ ಕೆಳಗೆ ಹುಲ್ಲು ಮುಗಿದು ಸ್ಲೇಟುಕಲ್ಲಿನ ಚೂರು ಸಿಗತೊಡಗಿದಾಗ ಅವನು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಅಷ್ಟರಲ್ಲಿ ಮೆರೆರಿದ್ ಜಾರಿದ್ದಳು. ಅವಳು ಬಿದ್ದಲ್ಲಿಂದ ತುಸು ಕೆಳಗೆ ಮಂಜಿನೊಳಗೆ ಪ್ಲಾಸ್ಟಿಕ್ಕಿನ ಮೇವಿನ ತೊಟ್ಟಿಯೊಂದು ಕಂಡಿತು. ಅದರಾಚೆ ಹಳೆಯ ಗಣಿಯ ಹೊಂಡ. ಗಣಿಯವರೆಗೆ ಬಂಡಿದಾರಿ ಇದ್ದುದರಿಂದ ಹೊಸ ಗೇಣಿದಾರ ನಾಲ್ಕು ಚಕ್ರದ ಬೈಕಿನಲ್ಲಿ ಬಂದು ಅಲ್ಲೇ ಮೇವು ಹಾಕುತ್ತಿದ್ದ. ಬೆಟ್ಟ ಗೊತ್ತಿಲ್ಲದ ಕುರಿಗಳು ತೊಟ್ಟಿಗೆ ದಾರಿ ಮಾಡಿಕೊಂಡಿದ್ದವು.

ಎಮ್ರಿಸ್ ಫೋನು ನೋಡಿಕೊಂಡು ಎಲ್ಲರನ್ನೂ ಇಳಿಸಿದರು. ಮೆರೆರಿದಳ ಮಣಿಕಟ್ಟು ಮುರಿದಿತ್ತು.

ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚಾಪೆಲ್ಲಿನ ಹಿಂಬದಿಯ ಕೋಣೆಯಲ್ಲಿ ಚಹಾ, ಒಣದ್ರಾಕ್ಷಿಯ ಬ್ರೆಡ್ಡು. ಇನ್ನು ಮೇಲೆ ಮೋಡವಿದ್ದ ದಿನ ಕೆರೆಯ ಸುತ್ತಲ ಡಾಂಬರು ದಾರಿಯಲ್ಲಿ ನಡೆಯೋಣವೇ ಎಂದು ಎಮ್ರಿಸ್ ಯಾರ ಮುಖವನ್ನೂ ನೋಡದೆ ಕೇಳಿದರು. ಬಿಸಿಲಿದ್ದ ದಿನ ಇದ್ವಲ್ ಎಂದಿನಂತೆ ನೆತ್ತಿಗೆ ಕರೆದೊಯ್ಯಲಿ ಎಂದರು. ಮೆರೆರಿದ್ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟಳು.

"ಮಂಜು ಅಲ್ವಾ ಎಮ್ರಿಸ್ ಅವ್ರೇ, ಯಾರಾಗಿದ್ರೂ ದಾರಿ ತಪ್ತಿದ್ರು. ಅದಕ್ಕೆ ಇವನೇನ್ ಮಾಡ್ತಾನೆ?"

ಕೋಣೆಯೆಲ್ಲ ಹೌದು ಹೌದು ಎಂದಿತು. ಇದ್ವಲ್ ತಲೆಯಾಡಿಸಿದ್ದರೆ ಸಾಕಿತ್ತು, ಗುರುವಾರ ಅವನ ಕೈಯಲ್ಲೇ ಉಳಿಯುತ್ತಿತ್ತು. ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ.

"ಮಂಜಲ್ಲ ಮೆರೆರಿದ್. ಬೆಟ್ಟ ನಂಗೆ ಗೊತ್ತು ಅಂದ್ಕೊಂಡಿದ್ದೆ. ಗೊತ್ತಿದ್ದದ್ದು ಆ ಹಳೇ ಕುರಿಗಳಿಗೆ. ನಾನು ಅವುಗಳ ಹಿಂದೆ ಹೋಗ್ತಿದ್ದೆ, ಅಷ್ಟೇ. ಬಿಸಿಲಿದ್ರೂ ನಿಮ್ಮನ್ನ ಕರ್ಕೊಂಡು ಹೋಗೋ ಧೈರ್ಯ ನಂಗಿಲ್ಲ."

ಯಾರೋ ಬ್ರೆಡ್ಡಿನ ತಟ್ಟೆಯನ್ನು ಅವನ ಕಡೆ ಸರಿಸಿದರು.

ಮುಂದಿನ ಗುರುವಾರ ಎಮ್ರಿಸ್ ಎಲ್ಲರನ್ನೂ ಕೆರೆಯ ಸುತ್ತ ನಡೆಸಿದರು. ಇದ್ವಲ್ ಬರಲಿಲ್ಲ. ಮನೆಗೆ ಹೋಗುವ ಮುನ್ನ ಮೆರೆರಿದ್ ಅವನ ಬಾಗಿಲು ತಟ್ಟಿದಳು. ಆಲೂಗಡ್ಡೆ ಸುಲಿಯುವ ಚಾಕು ಹಿಡಿದೇ ಬಂದ ಅವನು, ಮಂಡಿ ನೋವು ಎಂದ. ಇಂದು ಬಿಸಿಲಿತ್ತು, ಕೆಳಗಿನಿಂದ ನೆತ್ತಿ ನಿಚ್ಚಳವಾಗಿ ಕಾಣುತ್ತಿತ್ತು ಎಂದು ಅವಳು ಹೇಳಲಿಲ್ಲ. ಮುಂದಿನ ವಾರ ಬಾ ಎಂದಳು. ನೋಡೋಣ ಎಂದ ಇದ್ವಲ್, ಅವಳು ಗೇಟು ದಾಟುವ ಮೊದಲೇ ಬಾಗಿಲು ಹಾಕಿಕೊಂಡ.